ಗಂಟಲಮಾರಿ ಲಸಿಕೆ: ಮರೆತುಹೋಗುವ ಕೊನೆಯ ನಾಲ್ಕು ಡೋಸ್

ಮಗುವಿನ ಲಸಿಕೆಗಳನ್ನು ಬರೆಯುವ ‘ತಾಯಿ ಕಾರ್ಡ್’ ತೆರೆದು ನೋಡಿ. 6, 10, 14ನೇ ವಾರದ ಪೆಂಟಾವೇಲೆಂಟ್ (ಗಂಟಲಮಾರಿಯೂ ಸೇರಿ ಐದು ರೋಗಗಳಿಗೆ ಒಂದೇ ಲಸಿಕೆ) ಕಾಲಂಗಳಲ್ಲಿ ಸಾಮಾನ್ಯವಾಗಿ ತಾರೀಖು ಬಿದ್ದಿರುತ್ತದೆ. ಒಂಬತ್ತು ತಿಂಗಳಿಗೆ ಹಾಕುವ ದಡಾರ–ರುಬೆಲ್ಲಾ ಲಸಿಕೆಯ ತಾರೀಖೂ ಇರುತ್ತದೆ. ಅಲ್ಲಿಂದ ಮುಂದಕ್ಕೆ ಕಾಲಂಗಳು ಖಾಲಿಯಾಗುತ್ತಾ ಹೋಗುತ್ತವೆ. ಒಂದೂವರೆ ವರ್ಷದ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್ ಕೆಲವರಿಗೆ ತಪ್ಪಿರುತ್ತದೆ, ಐದು ವರ್ಷದ್ದು ಇನ್ನೂ ಹೆಚ್ಚು ಮಕ್ಕಳಿಗೆ ತಪ್ಪಿರುತ್ತದೆ. ಹತ್ತು ಮತ್ತು ಹದಿನಾರು ವರ್ಷದ ಟಿಡಿ (ಧನುರ್ವಾಯು, ಗಂಟಲಮಾರಿ) ಹೊತ್ತಿಗೆ ಕಾರ್ಡೇ ಮನೆಯಲ್ಲಿ ಸಿಗುವುದಿಲ್ಲ. ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಈಗ ನಮ್ಮ ದೇಶದಲ್ಲಿ ಹುಡುಕಿಕೊಂಡು ಬರುತ್ತಿರುವುದು ಈ ಖಾಲಿ ಕಾಲಂಗಳಿರುವ ಮಕ್ಕಳನ್ನು. ಹಿಂದೆ ಇದು ಐದು ವರ್ಷದೊಳಗಿನವರ ಕಾಯಿಲೆಯಾಗಿತ್ತು. ಈಗ ಶಾಲೆಗೆ ಹೋಗುವ ಮಕ್ಕಳಲ್ಲಿ, ಹದಿಹರೆಯದವರಲ್ಲಿ, ಕೆಲವೊಮ್ಮೆ ದೊಡ್ಡವರಲ್ಲಿ ಕಾಣಿಸಿಕೊಳ್ಳುತ್ತಿದೆ.

2018ರಲ್ಲಿ ಇಡೀ ಜಗತ್ತಿನಲ್ಲಿ ವರದಿಯಾದದ್ದು 16 ಸಾವಿರ ಚಿಲ್ಲರೆ ಪ್ರಕರಣ. ಅದರಲ್ಲಿ 8,788 ಭಾರತದ್ದೇ. 2016ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಲಸಿಕೆ ಪೂರ್ತಿಯಾಗದ ಮಕ್ಕಳು ಇದರಿಂದ ಸತ್ತರು. ನಮ್ಮದೇ ರಾಜ್ಯದ ವಿಜಯಪುರದ ಕಡೆಯಿಂದಲೂ ಪ್ರಕರಣಗಳು ದಾಖಲಾಗಿವೆ. ಕೊಡಗಿನಲ್ಲಿ ಈಗ ಹಾವಳಿ ಎದ್ದಿದೆ ಎಂದು ಹೆದರಿಸಲು ಈ ಮಾತು ಹೇಳುತ್ತಿಲ್ಲ. ಆದರೆ ಈ ರೋಗಕ್ಕೆ ಬೇಕಾದ ಮೂರು ಅನುಕೂಲಗಳು ಇಲ್ಲಿ ಒಂದೇ ಕಡೆ ಸೇರುತ್ತವೆ. ಕಾಫಿ ಕೊಯ್ಲಿಗೆ ಬೇರೆ ರಾಜ್ಯಗಳಿಂದ ಬಂದು ಹೋಗುವ ಕುಟುಂಬಗಳು, ಒಂದೇ ಗೋಡೆ ಹಂಚಿಕೊಂಡ ಲೈನ್ ಮನೆಗಳು, ದೊಡ್ಡಾಸ್ಪತ್ರೆಗೆ ಗಂಟೆಗಟ್ಟಲೆ ದಾರಿ. ಹಾಗಾಗಿ ಕೊಡಗಿನವರು ಈ ರೋಗದ ಲೆಕ್ಕಾಚಾರವನ್ನು ಸ್ವಲ್ಪ ಹತ್ತಿರದಿಂದ ತಿಳಿದುಕೊಂಡಿರುವುದು ಒಳ್ಳೆಯದು.

ವಿಷ ಮಾಡುವ ಕೆಲಸ

ರೋಗ ತರುವುದು ಕೊರಿನಿಬ್ಯಾಕ್ಟೀರಿಯಂ ಡಿಫ್ತೀರಿಯೆ ಎಂಬ ಬ್ಯಾಕ್ಟೀರಿಯಾ. ವಿಚಿತ್ರವೆಂದರೆ ಈ ಬ್ಯಾಕ್ಟೀರಿಯಾ ತಾನಾಗಿ ಅಷ್ಟೇನೂ ಅಪಾಯಕಾರಿಯಲ್ಲ. ಅದರೊಳಗೆ ಒಂದು ಜಾತಿಯ ವೈರಸ್, ಅಂದರೆ ಬ್ಯಾಕ್ಟೀರಿಯೊಫೇಜ್, ಸೇರಿಕೊಂಡು ವಿಷ ತಯಾರಿಸುವ ಜೀನ್ ಒದಗಿಸಿದಾಗ ಮಾತ್ರ ಅದು ಜೀವ ತೆಗೆಯುವ ವಿಷವನ್ನು ಮಾಡುತ್ತದೆ. ಆ ವಿಷ ಜೀವಕೋಶದೊಳಗೆ ಹೊಕ್ಕು ಪ್ರೊಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ, ಕೋಶ ಸಾಯುತ್ತದೆ. ಗಂಟಲಿನಲ್ಲಿ ಸತ್ತ ಕೋಶ, ರಕ್ತಕಣ, ಬ್ಯಾಕ್ಟೀರಿಯಾ ಎಲ್ಲ ಸೇರಿ ಬೂದು ಬಣ್ಣದ ದಪ್ಪ ಪೊರೆಯಾಗುತ್ತದೆ. ಪೊರೆ ಇಳಿದು ಧ್ವನಿಪೆಟ್ಟಿಗೆಯನ್ನು ಮುಚ್ಚಿದರೆ ಮಗು ಉಸಿರುಗಟ್ಟಿ ಸಾಯುತ್ತದೆ. ಇದು ಮೊದಲ ಅಪಾಯ, ಎಲ್ಲರಿಗೂ ಕಣ್ಣಿಗೆ ಕಾಣುವಂಥದ್ದು.

ಎರಡನೆಯದು ಕಾಣುವುದಿಲ್ಲ. ಬ್ಯಾಕ್ಟೀರಿಯಾ ಗಂಟಲಿನಲ್ಲೇ ಉಳಿದರೂ ವಿಷ ರಕ್ತದಲ್ಲಿ ಸೇರಿ ಹೃದಯದ ಸ್ನಾಯುವಿಗೆ ಹೋಗುತ್ತದೆ. ಹೃದಯದ ತೊಂದರೆ ಸಾಮಾನ್ಯವಾಗಿ ಒಂದೆರಡು ವಾರ ಕಳೆದ ಮೇಲೆ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಪೊರೆ ಕಳಚಿಕೊಂಡಿರುತ್ತದೆ, ಜ್ವರ ಇಳಿದಿರುತ್ತದೆ, ಮಗು ಗಂಜಿ ಕುಡಿಯುತ್ತಿರುತ್ತದೆ. ಮನೆಯವರು ಕೂಲಿ ಕಳೆದುಕೊಂಡು ಆಸ್ಪತ್ರೆಯಲ್ಲಿ ಕೂತು ಸಾಕಾಗಿ, ಗುಣವಾಯಿತಲ್ಲ ಎಂದು ಸಹಿ ಹಾಕಿ ಕರೆದುಕೊಂಡು ಹೋಗುವುದು ಇದೇ ಹೊತ್ತಿನಲ್ಲಿ. ಹೃದಯದ ಬಡಿತ ಏರುಪೇರಾಗಿ ಮಗು ಆಡುತ್ತಾ ಆಡುತ್ತಾ ಕುಸಿದುಬೀಳುವ ಅಪಾಯ ಇರುವುದೂ ಇದೇ ಹೊತ್ತಿನಲ್ಲಿ. ಎರಡು ಮೂರು ವಾರ ಹಾಸಿಗೆ ಬಿಟ್ಟು ಏಳಬಾರದು, ಮತ್ತೆ ಮತ್ತೆ ಇಸಿಜಿ ತೆಗೆಯಬೇಕು ಎಂದು ವೈದ್ಯರು ಹಟ ಹಿಡಿಯುವುದು ಇದಕ್ಕೇ. ಈ ಹಟಕ್ಕೆ ಕುಟುಂಬ ಒಪ್ಪಬೇಕಾದರೆ ಕಾರಣವನ್ನು ಅವರ ಭಾಷೆಯಲ್ಲಿ ಮೊದಲ ದಿನವೇ ಬಿಡಿಸಿ ಹೇಳಬೇಕು. ಬಂಗಾಳಿಯೋ ಅಸ್ಸಾಮಿಯೋ ಮಾತಾಡುವ ತಾಯಿಗೆ ಕನ್ನಡದಲ್ಲಿ ಹೇಳಿ ಕೈತೊಳೆದುಕೊಂಡರೆ ಹೇಳಿದಂತಾಗುವುದಿಲ್ಲ.

ಮೂರನೆಯದು ನರಗಳಿಗೆ. ಕುಡಿದ ನೀರು ಮೂಗಿನಿಂದ ಬರುವುದು, ಮಾತು ಮೂಗಿನಲ್ಲಿ ಆಡಿದಂತಾಗುವುದು ಮೊದಲ ಸೂಚನೆ. ಕಿರುನಾಲಿಗೆಯ ಸುತ್ತಲಿನ ಸ್ನಾಯು ಸೋತಿದೆ ಎಂದು ಅದರರ್ಥ. ವಾರಗಳ ನಂತರ ಕಣ್ಣು ಮಂಜಾಗುವುದು, ಕೈಕಾಲಿನ ಶಕ್ತಿ ಕುಂದುವುದು ಉಂಟು. ಬದುಕಿ ಉಳಿದವರಲ್ಲಿ ಇದು ಬಹುಪಾಲು ತಾನಾಗಿ ಸರಿಹೋಗುತ್ತದೆ, ಆದರೆ ತಿಂಗಳುಗಳು ಹಿಡಿಯುತ್ತವೆ.

ಚಿಕಿತ್ಸೆ ಸಿಕ್ಕರೂ ಹತ್ತರಿಂದ ಇಪ್ಪತ್ತು ರೋಗಿಗಳಲ್ಲಿ ಒಬ್ಬರು ಸಾಯುವ ಕಾಯಿಲೆ ಇದು. ಚಿಕಿತ್ಸೆ ತಡವಾದರೆ, ಉಪಕರಣವಿಲ್ಲದ ಕಡೆ ನಡೆದರೆ, ಸಾವು ಇನ್ನೂ ಹೆಚ್ಚು.

ಲಸಿಕೆ ಏನು ತಡೆಯುತ್ತದೆ, ಏನು ತಡೆಯುವುದಿಲ್ಲ

1923ರಲ್ಲಿ ಫ್ರಾನ್ಸಿನ ವಿಜ್ಞಾನಿ ಗ್ಯಾಸ್ಟನ್ ರಾಮೋನ್ ಈ ವಿಷವನ್ನು ಫಾರ್ಮಲಿನ್ ಹಾಕಿ, ಬಿಸಿಯಲ್ಲಿಟ್ಟು ನಿರಪಾಯವಾಗಿಸಿದ. ಅದೇ ಟಾಕ್ಸಾಯ್ಡ್. ಇವತ್ತಿನ ಪೆಂಟಾ, ಡಿಪಿಟಿ, ಟಿಡಿ ಎಲ್ಲದರಲ್ಲೂ ಇರುವುದು ಅದೇ. ಲಸಿಕೆ ದೇಹಕ್ಕೆ ಕಲಿಸುವುದು ವಿಷವನ್ನು ಹಿಡಿಯಲು, ಬ್ಯಾಕ್ಟೀರಿಯಾವನ್ನು ಹಿಡಿಯಲು ಅಲ್ಲ. ಆದ್ದರಿಂದ ಲಸಿಕೆ ಪಡೆದವನ ಗಂಟಲಿನಲ್ಲೂ ರೋಗಾಣು ಕೂತಿರಬಹುದು, ಆತ ಆರೋಗ್ಯವಾಗಿಯೇ ಇದ್ದು ಇನ್ನೊಬ್ಬನಿಗೆ ದಾಟಿಸಬಹುದು. ಲಸಿಕೆಯಿಂದ ಹರಡುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ‘ನಮ್ಮ ಊರಲ್ಲಿ ಎಲ್ಲರೂ ಹಾಕಿಸಿಕೊಂಡಿದ್ದಾರೆ, ನಮ್ಮ ಮಗುವಿಗೆ ಯಾಕೆ’ ಎನ್ನುವ ಲೆಕ್ಕ ಇಲ್ಲಿ ಕೈಕೊಡುತ್ತದೆ.

ಇನ್ನೊಂದು ಸಂಗತಿಗೆ ಇದಕ್ಕಿಂತ ಹೆಚ್ಚು ಗಮನ ಬೇಕು. ಈ ರಕ್ಷಣೆ ಕ್ರಮೇಣ ಕರಗುತ್ತದೆ. ಮೊದಲ ಮೂರು ಡೋಸ್ ಅಡಿಪಾಯ ಅಷ್ಟೇ. ಅದರ ಮೇಲೆ 16–24 ತಿಂಗಳಲ್ಲಿ ಡಿಪಿಟಿ ಮೊದಲ ಬೂಸ್ಟರ್, 5–6 ವರ್ಷಕ್ಕೆ ಎರಡನೆಯದು, 10 ವರ್ಷಕ್ಕೆ ಟಿಡಿ, 16 ವರ್ಷಕ್ಕೆ ಇನ್ನೊಂದು ಟಿಡಿ. ಒಟ್ಟು ಏಳು. ಮೂರಕ್ಕೇ ನಿಲ್ಲಿಸಿದ ಮಗುವಿನ ರಕ್ತದಲ್ಲಿ ವಿಷನಿರೋಧಕ ಅಂಶ ಶಾಲೆಗೆ ಸೇರುವ ಹೊತ್ತಿಗೆ ಇಳಿದಿರುತ್ತದೆ. ಅದೇ ಹೊತ್ತಿಗೆ ಮಗು ಮೊದಲ ಬಾರಿಗೆ ಮೂವತ್ತು ನಲವತ್ತು ಮಕ್ಕಳ ಜೊತೆ ದಿನವಿಡೀ ಒಂದೇ ಕೋಣೆಯಲ್ಲಿ ಕೂರತೊಡಗುತ್ತದೆ.

ಸೋವಿಯತ್ ಒಕ್ಕೂಟ ಒಡೆದ ಕಾಲದಲ್ಲಿ ಆದದ್ದು ಇದೇ. 1990ರಿಂದ 1998ರವರೆಗೆ ಆ ದೇಶಗಳಲ್ಲಿ 1 ಲಕ್ಷ 57 ಸಾವಿರಕ್ಕೂ ಹೆಚ್ಚು ಜನರಿಗೆ ಗಂಟಲಮಾರಿ ತಗುಲಿ ಸುಮಾರು 5,000 ಮಂದಿ ಸತ್ತರು. ಅಲ್ಲಿ ಲಸಿಕೆ ಇರಲಿಲ್ಲವೆಂದಲ್ಲ. ಮಕ್ಕಳ ಲಸಿಕೆ ಸಡಿಲವಾಗಿತ್ತು, ದೊಡ್ಡವರ ರಕ್ಷಣೆ ಕರಗಿತ್ತು, ಜನ ಗುಂಪುಗುಂಪಾಗಿ ಊರು ಬಿಟ್ಟು ಊರಿಗೆ ಹೋಗುತ್ತಿದ್ದರು. ರೋಗಿಗಳಲ್ಲಿ ದೊಡ್ಡವರೇ ಬಹಳ ಮಂದಿ ಇದ್ದರು.

ಎಸ್ಟೇಟಿನಲ್ಲಿ ಡೋಸ್ ಎಲ್ಲಿ ತಪ್ಪುತ್ತದೆ

ಲಸಿಕೆ ಬೇಡ ಎನ್ನುವವರಿಂದಲೇ ಎಲ್ಲ ಕೆಡುತ್ತದೆ ಎಂದು ನಾವು ಬೇಗ ತೀರ್ಮಾನಿಸಿಬಿಡುತ್ತೇವೆ. ಕಾಫಿ ತೋಟದ ಬದುಕನ್ನು ಹತ್ತಿರದಿಂದ ನೋಡಿದರೆ ಕಾರಣಗಳು ಬೇರೆ ಇವೆ, ಮತ್ತು ಅವನ್ನು ಸರಿಪಡಿಸಬಹುದು.

ಸರ್ಕಾರಿ ಲಸಿಕೆ ಗುರುವಾರ. ಗುರುವಾರ ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯುವ ತಾಯಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಸರ್ಕಾರಿ ಪೆಂಟಾ ಮತ್ತು ಡಿಪಿಟಿಯಲ್ಲಿ ನಾಯಿಕೆಮ್ಮಿನ ಪೂರ್ಣ ಕೋಶದ ಅಂಶ ಇರುವುದರಿಂದ ಆ ರಾತ್ರಿ ಜ್ವರ ಬರುವುದು, ತೊಡೆ ಊದಿ ಮಗು ಅಳುವುದು ಸಾಮಾನ್ಯ. ಮರುದಿನ ಅವಳು ಮಗುವನ್ನು ಬಿಟ್ಟು ತೋಟಕ್ಕೆ ಹೋಗಲಾರಳು, ಇನ್ನೊಂದು ಕೂಲಿ ಹೋಯಿತು. ಎರಡನೇ ಡೋಸಿಗೆ ಹಾಗೂ ಹೀಗೂ ಬರುತ್ತಾಳೆ. ಒಂದೂವರೆ ವರ್ಷದ ಬೂಸ್ಟರ್ ಹೊತ್ತಿಗೆ ಮಗು ಓಡಾಡಿಕೊಂಡು ಗಟ್ಟಿಮುಟ್ಟಾಗಿದೆ, ಮತ್ತೆ ಜ್ವರ ಬರಿಸುವುದು ಯಾಕೆ ಎಂದು ಅವಳಿಗೆ ಅನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಲಸಿಕೆ ಹಾಕಿದ ಸಿಸ್ಟರ್ ಆ ಹೊತ್ತಿನಲ್ಲೇ ಪ್ಯಾರಾಸಿಟಮಾಲ್ ಡ್ರಾಪ್ಸ್ ಕೊಟ್ಟು, ತೂಕಕ್ಕೆ ಎಷ್ಟು, ದಿನಕ್ಕೆ ಎಷ್ಟು ಸಲ ಎಂದು ತೋರಿಸಿ, ಒಂದೆರಡು ದಿನದಲ್ಲಿ ಇಳಿಯುತ್ತದೆ, ಮೂರು ದಿನ ದಾಟಿದರೆ ಅಥವಾ ಫಿಟ್ಸ್ ಬಂದರೆ ಕರೆತನ್ನಿ ಎಂದು ಹೇಳಿದರೆ ಮುಂದಿನ ಡೋಸಿಗೆ ಬರುವವರ ಸಂಖ್ಯೆ ಉಳಿಯುತ್ತದೆ. ಇಂಜೆಕ್ಷನ್ ಆದ ಜಾಗವನ್ನು ಉಜ್ಜಬಾರದು, ಬಿಸಿ ಶಾಖ ಕೊಡಬಾರದು, ತಣ್ಣನೆ ಒದ್ದೆ ಬಟ್ಟೆ ಇಟ್ಟರೆ ಸಾಕು.

ಕೊಯ್ಲಿನ ಕಾಲಕ್ಕೆ, ಅಂದರೆ ಅರೇಬಿಕಾ ಶುರುವಾಗುವ ನವೆಂಬರ್‌ನಿಂದ ರೋಬಸ್ಟಾ ಮುಗಿಯುವ ಮಾರ್ಚ್‌ವರೆಗೆ, ಲೈನ್ ಮನೆಗಳಿಗೆ ಹೊಸ ಕುಟುಂಬಗಳು ಬರುತ್ತವೆ. ಅವರ ಮಕ್ಕಳ ಹೆಸರು ಯಾವ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೂ ಇರುವುದಿಲ್ಲ. ಆಶಾ ಮನೆಮನೆಗೆ ಹೋಗುವ ಹೊತ್ತಿನಲ್ಲಿ ಲೈನಿಗೆ ಬೀಗ. ಈ ಮಕ್ಕಳ ಲೆಕ್ಕ ಸರಿಯಾಗಿ ಗೊತ್ತಿರುವುದು ಇಬ್ಬರಿಗೆ, ಕರೆತಂದ ಮೇಸ್ತ್ರಿಗೆ ಮತ್ತು ಕೂಲಿ ಹಾಜರಿಯ ಚೆಕ್‌ರೋಲ್ ಬರೆಯುವ ಎಸ್ಟೇಟ್ ರೈಟರಿಗೆ. ಹೊಸ ಕುಟುಂಬ ಬಂದ ವಾರವೇ ರೈಟರು ಮಕ್ಕಳ ಹೆಸರು, ವಯಸ್ಸು, ಪೋಷಕರ ಮೊಬೈಲ್ ನಂಬರ್ ಬರೆದು ಉಪಕೇಂದ್ರಕ್ಕೆ ಕಳಿಸಿದರೆ ಅರ್ಧ ಕೆಲಸ ಆದಂತೆ. ಲಸಿಕೆ ತಂಡ ಸಂತೆಯ ದಿನವೋ ಕೂಲಿ ಬಟವಾಡೆಯ ದಿನ ಸಂಜೆಯೋ ಲೈನಿಗೇ ಬಂದರೆ ಉಳಿದರ್ಧ ಆಗುತ್ತದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗಿನ ಶಿಬಿರ ತೋಟದವರಿಗೆ ಹೊಂದುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೂ ಸಮಯ ಬದಲಾಗುವುದಿಲ್ಲ.

ಕಾರ್ಡ್ ಅಸ್ಸಾಮಿನಲ್ಲಿ ಉಳಿದಿದೆ ಎಂದರೆ ಏನು ಮಾಡಬೇಕು? ಲಸಿಕೆ ದಾಖಲಿಸುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಯು–ವಿನ್‌ನಲ್ಲಿ ಮೊಬೈಲ್ ನಂಬರ್ ಹಾಕಿ ಹುಡುಕಬೇಕು. ಅಲ್ಲಿ ದಾಖಲಾಗಿದ್ದರೆ ದೇಶದ ಯಾವ ಕೇಂದ್ರದಲ್ಲಿ ಬೇಕಾದರೂ ಮುಂದಿನ ಡೋಸ್ ಹಾಕಿಸಬಹುದು. ದಾಖಲೆ ಎಲ್ಲೂ ಇಲ್ಲದಿದ್ದರೆ ಹಾಕಿಲ್ಲವೆಂದೇ ಲೆಕ್ಕ ಹಿಡಿಯುವುದು ಸರಿ. ಕಾಗದ ಬರಲಿ ಎಂದು ಕಾದು ಮಗುವನ್ನು ರಕ್ಷಣೆ ಇಲ್ಲದೆ ಬಿಡುವುದಕ್ಕಿಂತ ಒಂದು ಡೋಸ್ ಹೆಚ್ಚಾಗುವುದು ವಾಸಿ. ದಾಖಲೆ ಇದ್ದರೆ, ಮಧ್ಯದಲ್ಲಿ ಎಷ್ಟೇ ತಿಂಗಳು ತಪ್ಪಿದ್ದರೂ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬೇಕು. ಈ ಒಂದು ವಿಷಯ ಗೊತ್ತಿಲ್ಲದೆ ‘ತಡವಾಯಿತು, ಇನ್ನು ಹಾಕಲಿಕ್ಕಾಗಲ್ಲ’ ಎಂದು ವಾಪಸ್ ಕಳಿಸುವುದು ಈಗಲೂ ನಡೆಯುತ್ತಿದೆ.

ಏನೂ ಹಾಕಿಸದೆ ಒಂದು ವರ್ಷ ದಾಟಿದ ಮಗುವಿಗೆ ನಾಲ್ಕು ವಾರದ ಅಂತರದಲ್ಲಿ ಮೂರು ಡಿಪಿಟಿ, ಮೂರನೆಯದಾದ ಆರು ತಿಂಗಳಿಗೆ ಬೂಸ್ಟರ್. ಡಿಪಿಟಿ ಏಳು ವರ್ಷದೊಳಗೆ ಮಾತ್ರ. ಏಳು ದಾಟಿದ ಮೇಲೆ ಟಿಡಿ: ಎರಡು ಡೋಸ್ ನಾಲ್ಕು ವಾರದ ಅಂತರದಲ್ಲಿ, ಮೂರನೆಯದು ಆರು ತಿಂಗಳಾದರೂ ಬಿಟ್ಟು. ದೊಡ್ಡವರಿಗೆ ಡಿಫ್ತೀರಿಯಾ ಅಂಶ ಹೆಚ್ಚಿದ್ದರೆ ತೋಳು ಕೆಟ್ಟದಾಗಿ ಊದುತ್ತದೆ, ಅದಕ್ಕೇ ಟಿಡಿಯಲ್ಲಿ ಅದರ ಪ್ರಮಾಣ ಡಿಪಿಟಿಗಿಂತ ಬಹಳ ಕಡಿಮೆ.

ಶಾಲೆಯ ಡೋಸ್‌ಗಳದ್ದು ಬೇರೆ ಕಥೆ. ಒಂದನೇ ತರಗತಿಯಲ್ಲಿ ಡಿಪಿಟಿ, ಐದನೇ ಮತ್ತು ಹತ್ತನೇ ತರಗತಿಯಲ್ಲಿ ಟಿಡಿ ಎಂದು ಶಾಲೆಗೇ ಬಂದು ಹಾಕುತ್ತಾರೆ. ಶಾಲೆಯಲ್ಲಿ ಇರುವವರಿಗೆ ಇದು ಬಹಳ ಒಳ್ಳೆಯ ಏರ್ಪಾಡು. ಶಾಲೆ ಬಿಟ್ಟವರಿಗೆ ಏನೂ ಇಲ್ಲ. ಯರವ, ಜೇನುಕುರುಬ, ಬೆಟ್ಟಕುರುಬ ಹಾಡಿಗಳಲ್ಲಿ ಹೈಸ್ಕೂಲಿಗೆ ಮೊದಲೇ ಶಾಲೆ ಬಿಡುವ ಮಕ್ಕಳಿಗೆ ಹದಿನಾರರ ಟಿಡಿ ತಲುಪಬೇಕಾದರೆ ಹಾಡಿಗೇ ಹೋಗಬೇಕು. ಆಶ್ರಮ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುವ ಮಕ್ಕಳಿಗೆ ವರ್ಷಾರಂಭದಲ್ಲೇ ಕಾರ್ಡ್ ನೋಡಿ ಬಾಕಿ ಡೋಸ್ ಹಾಕಿಸುವುದು ವಾರ್ಡನ್ ಕೆಲಸಗಳಲ್ಲಿ ಮೊದಲನೆಯದಾಗಬೇಕು. ಹಾಕಿಸುವ ದಿನ ಗೈರುಹಾಜರಾದವರ ಪಟ್ಟಿ ಮಾಡಿ ಮತ್ತೆ ಬರುವ ಪರಿಪಾಠವೂ ಬೇಕು. ಒಂದೇ ದಿನ ಬಂದು ಹೋದರೆ ಗೈರಾದ ಮಕ್ಕಳು ಶಾಶ್ವತವಾಗಿ ತಪ್ಪುತ್ತಾರೆ.

ಇನ್ನು ಕತ್ತಿ ತಗುಲಿದ್ದಕ್ಕೆ, ಮೊಳೆ ತುಳಿದದ್ದಕ್ಕೆ ತೋಟದವರು ವರ್ಷಕ್ಕೊಮ್ಮೆಯಾದರೂ ಟಿಟಿ (ಧನುರ್ವಾಯುವಿಗೆ ಮಾತ್ರ) ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ದೊಡ್ಡವರ ರಕ್ಷಣೆಯನ್ನು ಹೊಸದಾಗಿಸಲು ಇದಕ್ಕಿಂತ ಸುಲಭದ ಸಂದರ್ಭ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಟಿಟಿ ಬದಲು ಟಿಡಿ ಬಳಸಿ ಎಂದಿತು. ನಮ್ಮ ಸರ್ಕಾರಿ ಕಾರ್ಯಕ್ರಮ 2019ರಲ್ಲಿ ಗರ್ಭಿಣಿಯರಿಗೂ ಹತ್ತು–ಹದಿನಾರರ ಮಕ್ಕಳಿಗೂ ಟಿಡಿಗೆ ಬದಲಾಯಿತು. ಖಾಸಗಿ ಕ್ಲಿನಿಕ್ಕುಗಳಲ್ಲಿ, ಮೆಡಿಕಲ್ ಸ್ಟೋರುಗಳಲ್ಲಿ ಇನ್ನೂ ಟಿಟಿಯೇ ಓಡುತ್ತಿದೆ. ಗಾಯವಾಗಿ ಹೋದಾಗ ‘ಟಿಡಿ ಹಾಕಿ’ ಎಂದು ಕೇಳಿ. ಒಂದೇ ಚುಚ್ಚು, ಧನುರ್ವಾಯುವಿನ ಜೊತೆ ಗಂಟಲಮಾರಿಗೂ ತಡೆ. ಆದರೆ ಸರಿಯಾಗಿ ಲಸಿಕೆ ಆದವರಿಗೆ ಪ್ರತಿ ಸಣ್ಣ ಗಾಯಕ್ಕೂ ಹಾಕಿಸಬೇಕಿಲ್ಲ. ಕೊನೆಯ ಡೋಸ್ ಆಗಿ, ಸಣ್ಣ ಗಾಯಕ್ಕಾದರೆ ಹತ್ತು ವರ್ಷ, ಮಣ್ಣು ಸೇರಿದ ಆಳದ ಗಾಯಕ್ಕಾದರೆ ಐದು ವರ್ಷ ಕಳೆದಿದ್ದರೆ ಮಾತ್ರ ಹಾಕಿಸಿದರೆ ಸಾಕು. ಹಾಕಿಸಿಕೊಂಡ ತಾರೀಖನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಿ.

ಮಳೆಗಾಲದ ಶೀತಲ ಸರಪಳಿ

ಕೊಡಗಿನ ತಂಪು ಹವೆಯಲ್ಲಿ ಲಸಿಕೆ ಕೆಡುವುದಿಲ್ಲ ಎಂಬ ನಂಬಿಕೆ ಇದೆ. ಡಿಪಿಟಿ, ಪೆಂಟಾ, ಟಿಡಿಗಳ ಮಟ್ಟಿಗೆ ಬಿಸಿಗಿಂತ ದೊಡ್ಡ ಶತ್ರು ಹೆಪ್ಪುಗಟ್ಟುವುದು. ಇವುಗಳಲ್ಲಿ ಟಾಕ್ಸಾಯ್ಡ್ ಅಂಟಿಕೊಂಡಿರುವುದು ಅಲ್ಯೂಮಿನಿಯಂ ಲವಣದ ಕಣಗಳಿಗೆ. ಒಮ್ಮೆ ಹೆಪ್ಪುಗಟ್ಟಿದರೆ ಆ ಕಣಗಳು ಗಂಟುಗಂಟಾಗುತ್ತವೆ, ಕರಗಿಸಿದರೂ ಲಸಿಕೆ ಮೊದಲಿನಂತಾಗುವುದಿಲ್ಲ. ಸೀಸೆಯ ಮೇಲಿನ ವಿವಿಎಂ ಗುರುತು, ಅಂದರೆ ಬಿಸಿಗೆ ಬಣ್ಣ ಬದಲಿಸುವ ಚೌಕ, ಹೆಪ್ಪುಗಟ್ಟಿದ್ದನ್ನು ತೋರಿಸುವುದೇ ಇಲ್ಲ. ಒಳಚೌಕ ಹೊರವೃತ್ತಕ್ಕಿಂತ ತಿಳಿಯಾಗಿದೆ, ಸರಿ ಇದೆ ಎಂದು ಕಂಡರೂ ಲಸಿಕೆ ಸತ್ತಿರಬಹುದು.

ತಪ್ಪು ಸಾಮಾನ್ಯವಾಗಿ ಆಗುವುದು ಎರಡು ಕಡೆ. ಒಂದು, ಐಎಲ್‌ಆರ್‌ನ (ಲಸಿಕೆ ಇಡುವ ವಿಶೇಷ ಫ್ರಿಜ್) ತಳಕ್ಕೋ ಗೋಡೆಗೋ ತಾಗುವಂತೆ ಸೀಸೆ ಇಟ್ಟಾಗ. ಇವನ್ನು ಬುಟ್ಟಿಯಲ್ಲೇ ಇಡಬೇಕು, 2ರಿಂದ 8 ಡಿಗ್ರಿ ಇರಬೇಕು, ತಾಪಮಾನ ದಿನಕ್ಕೆ ಎರಡು ಸಲ ಬರೆಯಬೇಕು. ಇನ್ನೊಂದು, ಡೀಪ್ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೆಯೇ ಕ್ಯಾರಿಯರಿಗೆ ತುಂಬಿದಾಗ. ಪ್ಯಾಕನ್ನು ಹೊರಗಿಟ್ಟು ಮೈ ಬೆವರುವವರೆಗೆ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಬೇಕು. ಚಳಿಗಾಲದ ಬೆಳಿಗ್ಗೆ ಮಡಿಕೇರಿಯಲ್ಲೋ ಸೋಮವಾರಪೇಟೆಯಲ್ಲೋ ಇದಕ್ಕೆ ಬಯಲುಸೀಮೆಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಗಡಿಯಾರ ನೋಡಿ ಹೊರಟರೆ ತಪ್ಪಾಗುತ್ತದೆ, ನೀರಿನ ಸದ್ದು ಕೇಳಿಯೇ ಹೊರಡಬೇಕು.

ಅನುಮಾನ ಬಂದರೆ ಅಲ್ಲಾಡಿಸಿ ನೋಡುವ ಪರೀಕ್ಷೆ ಇದೆ. ಅದೇ ಕಂಪನಿಯ, ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಗಟ್ಟಿಯಾಗುವವರೆಗೆ ಹೆಪ್ಪುಗಟ್ಟಿಸಿ ಕರಗಿಸಬೇಕು. ಅದನ್ನೂ ಅನುಮಾನದ ಸೀಸೆಯನ್ನೂ ಒಟ್ಟಿಗೆ ಅಲ್ಲಾಡಿಸಿ ಸಮತಟ್ಟಾದ ಮೇಜಿನ ಮೇಲೆ ಇಟ್ಟು ಕಾಯಬೇಕು. ಹೆಪ್ಪುಗಟ್ಟಿಸಿದ್ದರಲ್ಲಿ ಬಿಳಿ ಚೂರುಗಳು ಬೇಗ ತಳ ಸೇರಿ ಮೇಲೆ ತಿಳಿನೀರು ನಿಲ್ಲುತ್ತದೆ. ಅನುಮಾನದ ಸೀಸೆಯೂ ಅಷ್ಟೇ ಬೇಗ ಕೆಳಗಿಳಿದರೆ ಎಸೆಯಬೇಕು, ಹಾಲಿನಂತೆ ಸಮನಾಗಿ ನಿಧಾನಕ್ಕೆ ಇಳಿದರೆ ಬಳಸಬಹುದು. ಸೀಸೆ ಗಟ್ಟಿ ಹೆಪ್ಪುಗಟ್ಟಿದ್ದು ಕಣ್ಣಿಗೇ ಕಂಡರೆ ಪರೀಕ್ಷೆಯೂ ಬೇಡ, ನೇರ ಎಸೆಯುವುದೇ.

ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು, ಕಂಬ ಉರುಳಿ ದಿನಗಟ್ಟಲೆ ಕರೆಂಟು ಹೋಗುವುದು ಇಲ್ಲಿ ವಾಡಿಕೆ. 24 ಗಂಟೆಯಲ್ಲಿ 8 ಗಂಟೆ ಕರೆಂಟು ಸಿಕ್ಕರೆ ಐಎಲ್‌ಆರ್ ತನ್ನ ತಾಪಮಾನ ಉಳಿಸಿಕೊಳ್ಳುತ್ತದೆ. ಅದೂ ಸಿಗದ ದಿನ ಮುಚ್ಚಳ ತೆರೆಯದೆ, ಥರ್ಮಾಮೀಟರ್ 8 ಡಿಗ್ರಿಯತ್ತ ಏರುತ್ತಿದ್ದರೆ ಲಸಿಕೆಯನ್ನು ಕೋಲ್ಡ್ ಬಾಕ್ಸಿಗೆ ತುಂಬಿ ಜನರೇಟರ್ ಇರುವ ಆಸ್ಪತ್ರೆಗೆ ಸಾಗಿಸಬೇಕು. 2018ರ ಆಗಸ್ಟಿನ ಭೂಕುಸಿತದಲ್ಲಿ ರಸ್ತೆಗಳೇ ಕೊಚ್ಚಿಹೋದವು. ಅಂಥ ದಿನಗಳಿಗೆ ಯಾವ ಪಿಎಚ್‌ಸಿ ಲಸಿಕೆ ಯಾವ ದಾರಿಯಲ್ಲಿ ಎಲ್ಲಿಗೆ ಎಂದು ಮೇ ತಿಂಗಳಲ್ಲೇ ಬರೆದಿಟ್ಟುಕೊಳ್ಳಬೇಕು. ತೆರೆದ ಡಿಪಿಟಿ ಸೀಸೆಯನ್ನು ನಿಯಮದಂತೆ ಶೀತಲವಾಗಿ ಇಟ್ಟಿದ್ದರೆ 28 ದಿನದವರೆಗೆ ಬಳಸಬಹುದು. ಹಾಗಾಗಿ ಒಂದೇ ಮಗು ಬಂದಿದೆ, ಹತ್ತು ಡೋಸಿನ ಸೀಸೆ ತೆರೆಯಲಾರೆವು ಎಂದು ವಾಪಸ್ ಕಳಿಸಲು ಕಾರಣವೇ ಇಲ್ಲ.

ಗಂಟಲು ನೋಡುವಾಗ

ಸೋಂಕು ತಗುಲಿ ಸಾಮಾನ್ಯವಾಗಿ 2ರಿಂದ 5 ದಿನಕ್ಕೆ ಲಕ್ಷಣ ಶುರು. ಜ್ವರ ಹೆಚ್ಚಿರುವುದಿಲ್ಲ, 38 ಡಿಗ್ರಿಯ ಆಸುಪಾಸು. ಗಂಟಲು ನೋವೂ ಅಷ್ಟಕ್ಕಷ್ಟೆ. ಆದರೆ ಮಗು ಅದಕ್ಕೆ ಹೊಂದದಷ್ಟು ಬಸವಳಿದಿರುತ್ತದೆ. ಮಾಮೂಲಿ ಟಾನ್ಸಿಲ್ ಸೋಂಕಿನಲ್ಲಿ ಜ್ವರ ಜೋರು, ನೋವು ಜೋರು, ಟಾನ್ಸಿಲ್ ಮೇಲೆ ಹಳದಿ ಚುಕ್ಕೆಗಳು, ಒರೆಸಿದರೆ ಬರುತ್ತವೆ. ಗಂಟಲಮಾರಿಯ ಪೊರೆ ಬೂದು–ಬಿಳಿ, ಟಾನ್ಸಿಲ್ ದಾಟಿ ಕಿರುನಾಲಿಗೆಗೂ ಅಂಗುಳಕ್ಕೂ ಹಬ್ಬುತ್ತದೆ, ಬುಡಕ್ಕೆ ಅಂಟಿಕೊಂಡಿರುತ್ತದೆ, ಎಬ್ಬಿಸಿದರೆ ರಕ್ತ ಒಸರುತ್ತದೆ. ಬಾಯಿ ಕೆಟ್ಟ ವಾಸನೆ. ಕುತ್ತಿಗೆ ಎರಡೂ ಕಡೆ ಊದಿ ಗದ್ದ–ಕುತ್ತಿಗೆ ಒಂದಾದಂತೆ ಕಂಡರೆ ಕಾಯಿಲೆ ತೀವ್ರ ಎಂದರ್ಥ. ಧ್ವನಿ ಒಡೆದು, ಉಸಿರೆಳೆಯುವಾಗ ಗೊರಗೊರ ಸದ್ದು ಬಂದರೆ ಒಂದು ಗಂಟೆಯೂ ಕಾಯುವಂತಿಲ್ಲ. ಮನೆಯಲ್ಲಿ ಒಂದು ವರ್ಷ ದಾಟಿದ ಮಗುವಿಗೆ ಮೆಣಸಿನ ಕಷಾಯ, ಜೇನು ಕೊಡುವುದರಿಂದ ಹಾನಿ ಇಲ್ಲ (ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು), ಆದರೆ ಅದು ಇಳಿಸುತ್ತದೋ ನೋಡೋಣ ಎಂದು ಕಾಯುವ ಎರಡು ದಿನವೇ ಹಾನಿ. ಬೆರಳಿಗೆ ಬಟ್ಟೆ ಸುತ್ತಿ ಪೊರೆ ಒರೆಸಲು ಹೋಗಲೇಬಾರದು.

ಕಾಲಿನ ಮಾಯದ ಹುಣ್ಣಿನಲ್ಲೂ ಈ ಬ್ಯಾಕ್ಟೀರಿಯಾ ಇರಬಹುದು. ಉಂಬಳ ಕಚ್ಚಿದ್ದು, ಕೆರೆದು ಹುಣ್ಣಾದದ್ದು ಮಳೆಗಾಲದ ತೋಟದಲ್ಲಿ ಎಲ್ಲರ ಕಾಲಲ್ಲೂ ಇರುತ್ತವೆ. ಉಂಬಳ ಈ ರೋಗ ತರುವುದಿಲ್ಲ. ಆದರೆ ತೆರೆದ ಗಾಯಕ್ಕೆ ಸೋಂಕು ಸೇರಿದರೆ ಬೂದು ಪೊರೆಯ, ಅಂಚು ಎದ್ದ ಹುಣ್ಣಾಗಿ ವಾರಗಟ್ಟಲೆ ಉಳಿಯುತ್ತದೆ, ಅದರಿಂದ ಬೇರೆಯವರ ಗಂಟಲಿಗೆ ಹರಡಬಹುದು.

ಆ್ಯಂಟಿಟಾಕ್ಸಿನ್, ಅಂದರೆ ಈ ವಿಷವನ್ನು ಹಿಡಿಯುವ ಸೀರಂ, ಅದರ ಬಗ್ಗೆ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. 1890ರಲ್ಲಿ ವಿಜ್ಞಾನಿಗಳಾದ ಬೆಹ್ರಿಂಗ್ ಮತ್ತು ಕಿಟಸಾಟೊ ದಾರಿ ತೋರಿಸಿದ, 1901ರಲ್ಲಿ ಬೆಹ್ರಿಂಗ್‌ಗೆ ವೈದ್ಯಕೀಯದ ಮೊದಲ ನೊಬೆಲ್ ತಂದ ಈ ಸೀರಂ ಈಗಲೂ ಕುದುರೆಯಿಂದಲೇ ಬರುತ್ತದೆ. ಅದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಮಾತ್ರ ಹಿಡಿಯುತ್ತದೆ, ಹೃದಯದ ಕೋಶದೊಳಗೆ ಆಗಲೇ ಹೊಕ್ಕ ವಿಷವನ್ನು ಬಿಡಿಸಲಾರದು. ಆದ್ದರಿಂದ ಗಂಟಲು ನೋಡಿ ಅನುಮಾನ ಬಂದ ಕ್ಷಣವೇ ಕೊಡಬೇಕು. ಸ್ವಾಬ್ ತೆಗೆದು ಕಳಿಸಿ, ವರದಿಗೆ ಕಾಯಬಾರದು. ಪ್ರಮಾಣ ಮಗುವಿನ ತೂಕದ ಮೇಲಲ್ಲ, ಪೊರೆಯ ಹರವು ಮತ್ತು ಕಳೆದ ದಿನಗಳ ಮೇಲೆ: ಗಂಟಲಿಗೆ ಸೀಮಿತವಾಗಿ ಎರಡು ದಿನದೊಳಗಿದ್ದರೆ 20–40 ಸಾವಿರ ಯೂನಿಟ್, ಮೂಗಿನ ಹಿಂಭಾಗಕ್ಕೂ ಹಬ್ಬಿದ್ದರೆ 40–60 ಸಾವಿರ, ಮೂರು ದಿನವೋ ಹೆಚ್ಚೋ ಆಗಿ ವ್ಯಾಪಕವಾಗಿ ಹಬ್ಬಿದ್ದರೆ ಅಥವಾ ಕುತ್ತಿಗೆ ಊದಿದ್ದರೆ 80 ಸಾವಿರದಿಂದ 1 ಲಕ್ಷ 20 ಸಾವಿರ. ಒಂದೆರಡು ದಿನದ ವಿಳಂಬ ಮೂರು ಪಟ್ಟು ಸೀರಂ ಬೇಡುತ್ತದೆ, ಅಷ್ಟಾಗಿಯೂ ಫಲ ಕಡಿಮೆ. ಅಲರ್ಜಿಯಿಂದ ಕುಸಿಯುವ ಸಾಧ್ಯತೆ ಇರುವುದರಿಂದ ಅಡ್ರಿನಲಿನ್ ಸಿದ್ಧವಿಟ್ಟುಕೊಂಡು, ನಿಗಾ ಇಡಬಲ್ಲ ಆಸ್ಪತ್ರೆಯಲ್ಲೇ ಕೊಡಬೇಕು.

2018ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ 20ಕ್ಕೂ ಹೆಚ್ಚು ಮಕ್ಕಳು ಈ ರೋಗದಿಂದ ಸತ್ತಾಗ ಆ್ಯಂಟಿಟಾಕ್ಸಿನ್ ದಾಸ್ತಾನು ಇಲ್ಲದ್ದು ದೊಡ್ಡ ಸುದ್ದಿಯಾಯಿತು. ರಾಜಧಾನಿಯಲ್ಲೇ ಹಾಗಾದರೆ ಕೊಡಗಿನ ಅಂಚಿನ ಕುಟ್ಟದಲ್ಲೋ ಕರಿಕೆಯಲ್ಲೋ ಮಗು ಕಾಯಿಲೆ ಬಿದ್ದಾಗ ಏನು? ಅಲ್ಲಿಂದ ಮಡಿಕೇರಿಗೆ ಬರಲೇ ಗಂಟೆಗಳು ಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140, ಮಳೆಗಾಲದಲ್ಲಿ ಸಂಪಾಜೆ ಘಾಟಿ ತೆರೆದಿರುತ್ತದೆ ಎಂಬ ಭರವಸೆಯೂ ಇಲ್ಲ. ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಒಬ್ಬ ತೀವ್ರ ರೋಗಿಗಾಗುವಷ್ಟಾದರೂ ಸೀರಂ, ಅವಧಿ ಮುಗಿಯುವ ಮೊದಲು ಬದಲಿಸುತ್ತಾ, ಸದಾ ಇರಬೇಕು. ಬಳಕೆಯಾಗದೆ ಅವಧಿ ಮುಗಿಯುತ್ತದೆ ಎಂಬ ಲೆಕ್ಕಪರಿಶೋಧನೆಯ ಆಕ್ಷೇಪ ಇದಕ್ಕೆ ಅನ್ವಯಿಸಬಾರದು. ಸಣ್ಣ ಊರಿನ ವೈದ್ಯರು ರೋಗಿಯನ್ನು ಕಳಿಸುವ ಮುನ್ನ ಫೋನ್ ಮಾಡಿ ಸೀರಂ ಎಲ್ಲಿದೆ ಎಂದು ಖಾತ್ರಿ ಮಾಡಿಕೊಂಡು ನೇರ ಅಲ್ಲಿಗೇ ಕಳಿಸಬೇಕು. ಮೂರು ಆಸ್ಪತ್ರೆ ಸುತ್ತಿದ ಮಗುವಿಗೆ ಮೂರನೆಯ ದಿನ ಮುಗಿದಿರುತ್ತದೆ.

ಸ್ವಾಬನ್ನು ಪೊರೆಯ ಅಂಚಿನ ಕೆಳಗಿನಿಂದ, ಸಾಧ್ಯವಾದರೆ ಆ್ಯಂಟಿಬಯಾಟಿಕ್ ಕೊಡುವ ಮುನ್ನ ತೆಗೆಯಬೇಕು. ಆ್ಯಂಟಿಬಯಾಟಿಕ್ 14 ದಿನ. ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಪೆನಿಸಿಲಿನ್‌ಗಿಂತ ಎರಿಥ್ರೊಮೈಸಿನ್ ಅಥವಾ ಅಜಿಥ್ರೊಮೈಸಿನ್ ಮೇಲು ಎಂದಿದೆ. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾ ಕೊಂದು ಹರಡುವುದನ್ನು ನಿಲ್ಲಿಸುತ್ತದೆ, ಆಗಲೇ ಹೊರಬಿದ್ದ ವಿಷಕ್ಕೆ ಅದರಿಂದ ಏನೂ ಆಗುವುದಿಲ್ಲ. ಮಾತ್ರೆ ಶುರುಮಾಡಿದ್ದೇವಲ್ಲ ಎಂದು ಸೀರಂ ತಡಮಾಡುವ ತಪ್ಪು ಇಲ್ಲಿಂದಲೇ ಹುಟ್ಟುತ್ತದೆ.

ಪಕ್ಕದ ಲೈನಿನವರು

ಒಂದು ಅನುಮಾನದ ಪ್ರಕರಣ ಸಿಕ್ಕ ದಿನವೇ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ತಿಳಿಸಬೇಕು, ಖಾಸಗಿ ವೈದ್ಯರೂ ಸಹ. ಮನೆಯವರು, ಒಂದೇ ಲೈನಿನಲ್ಲಿ ಮಲಗುವವರು, ಒಂದೇ ಬೆಂಚಿನ ಮಕ್ಕಳು, ಗಂಟಲು ನೋಡಿದ ಆಸ್ಪತ್ರೆ ಸಿಬ್ಬಂದಿ, ಇವರೆಲ್ಲರ ಗಂಟಲನ್ನು ಹತ್ತು ದಿನ ಗಮನಿಸಬೇಕು. ಲಸಿಕೆ ಆಗಿದೆಯೋ ಇಲ್ಲವೋ ನೋಡದೆ ಎಲ್ಲರಿಗೂ ಆ್ಯಂಟಿಬಯಾಟಿಕ್: ಏಳರಿಂದ ಹತ್ತು ದಿನ ಎರಿಥ್ರೊಮೈಸಿನ್, ಅಥವಾ ಒಂದೇ ಒಂದು ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, ಆರು ವರ್ಷದೊಳಗಿನವರಿಗೆ 6 ಲಕ್ಷ ಯೂನಿಟ್, ಅದಕ್ಕಿಂತ ದೊಡ್ಡವರಿಗೆ 12 ಲಕ್ಷ. ದಿನಕ್ಕೆ ನಾಲ್ಕು ಸಲ ಮಾತ್ರೆ ನುಂಗುವುದು ತೋಟದ ಕೆಲಸದ ನಡುವೆ ಮೂರನೇ ದಿನಕ್ಕೇ ನಿಂತುಹೋಗುತ್ತದೆ, ಅಲ್ಲಿ ಇಂಜೆಕ್ಷನ್ನೇ ನಂಬಿಕಸ್ಥ. ಪೆನಿಸಿಲಿನ್ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಬೇಕು. ಜೊತೆಗೆ ಕೊನೆಯ ಡೋಸ್ ಆಗಿ ಐದು ವರ್ಷ ದಾಟಿದವರಿಗೆ, ಡೋಸ್ ಬಾಕಿ ಇರುವವರಿಗೆ ಅಲ್ಲೇ ಲಸಿಕೆ. ಶಾಲೆ ಮುಚ್ಚುವುದರಿಂದ ಮಕ್ಕಳು ಚದುರಿ ಹುಡುಕುವುದು ಕಷ್ಟವಾಗುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಕುಟುಂಬ ಭಯಬಿದ್ದು ರಾತ್ರೋರಾತ್ರಿ ಊರಿಗೆ ಹೊರಟರೆ ಇನ್ನೂ ಕಷ್ಟ. ಆ ಹತ್ತು ದಿನದ ಕೂಲಿಯನ್ನು ತೋಟದ ಮಾಲೀಕರು ಕೊಡುವುದಾಗಿ ಮೊದಲೇ ಹೇಳಿದರೆ ಯಾರೂ ಓಡುವುದಿಲ್ಲ.

ರೋಗದಿಂದ ಎದ್ದ ಮಗುವಿಗೆ ಇನ್ನು ಲಸಿಕೆ ಬೇಡ ಎಂದು ತಿಳಿಯುವವರಿದ್ದಾರೆ. ಈ ಕಾಯಿಲೆ ಬಂದು ಹೋದರೂ ಸಾಕಷ್ಟು ರಕ್ಷಣೆ ಹುಟ್ಟುತ್ತದೆಂದು ಹೇಳಲಾಗದು. ಹಾಗಾಗಿ ಚೇತರಿಸಿಕೊಂಡ ಮೇಲೆ ವಯಸ್ಸಿಗೆ ತಕ್ಕ ಡಿಪಿಟಿ ಅಥವಾ ಟಿಡಿ ಹಾಕಿಸಿ, ಉಳಿದ ಡೋಸ್‌ಗಳ ತಾರೀಖನ್ನು ಡಿಸ್ಚಾರ್ಜ್ ಚೀಟಿಯ ಮೇಲೇ ಬರೆದುಕೊಡಬೇಕು. ಆ್ಯಂಟಿಬಯಾಟಿಕ್ ಮುಗಿದ ನಂತರ 24 ಗಂಟೆ ಅಂತರದಲ್ಲಿ ತೆಗೆದ ಎರಡು ಸ್ವಾಬ್‌ಗಳೂ ನೆಗೆಟಿವ್ ಬಂದ ಮೇಲೆ ಮಗು ಶಾಲೆಗೆ ಹೋಗಬಹುದು.